ತಗರದ ವಣಿಕ್ಪಥ

ಪ್ರಾಚೀನ ಮಾರ್ಗಗಳನ್ನು ಅಭ್ಯಸಿಸಹೊರಟ ತರುಣ ಪ್ರಾಕ್ತನ ಸಂಶೋಧಕನಿಗೆ ಮೊದಲು ಎದುರಾಗುವ ತೊಡಕೆಂದರೆ, ಮಾರ್ಗವೇ ಕಣ್ಣಿಗೆ ಬೀಳದಿರುವುದು. ಕೋಟೆಯ ಕಲ್ಲು ಉಳಿಯುತ್ತದೆ, ಗುಡಿಯ ಇಟ್ಟಿಗೆ ಉಳಿಯುತ್ತದೆ. ಎರೆಮಣ್ಣಿನ ಮೇಲಣ ಬಂಡಿಯ ಜಾಡಾದರೋ ಮಳೆಗಾಲಕ್ಕೆ ಅಳಿದುಹೋಗುತ್ತದೆ. ಹಾಗಾದರೆ ಎರಡು ಸಾವಿರ ವರ್ಷಗಳ ಹಿಂದಿನ ದಾರಿಯನ್ನು ಗುರುತಿಸುವ ಬಗೆ ಯಾವುದು? ನಮ್ಮ ಸೊಲ್ಲಾಪುರ ಸೀಮೆಗೆ ನೆರೆಯಾದ ತೇರ್ ಗ್ರಾಮವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ತೇರ್ ಊರು ಧಾರಾಶಿವ ಜಿಲ್ಲೆಯಲ್ಲಿ ತೇರಣಾ ನದಿಯ ದಂಡೆಯ ಮೇಲಿದೆ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’ ದಕ್ಷಿಣಾಪಥದ ಎರಡು ದೊಡ್ಡ ಪೇಟೆಗಳನ್ನು ಹೆಸರಿಸುತ್ತದೆ: ಭರೂಚ್ ಬಂದರಿನಿಂದ ದಕ್ಷಿಣಕ್ಕೆ 20 ದಿನಗಳ ಪಯಣದ ಪೈಠಣ, ಅಲ್ಲಿಂದ ಪೂರ್ವಕ್ಕೆ 10 ದಿನಗಳ ಪಯಣದ ತಗರ. ತಗರದ ಒರಟು ಬಟ್ಟೆಯೂ ನಯವಾದ ಅರಿವೆಯೂ ಬಂಡಿಗಳಲ್ಲಿ ಬಂದರಿಗೆ ಸಾಗುತ್ತಿದ್ದುವಂತೆ. ಆ ತಗರವೇ ಇಂದಿನ ತೇರ್ ಎಂದು ಜೆ. ಎಫ್. ಫ್ಲೀಟರು 1901ರಲ್ಲಿ ಪ್ರತಿಪಾದಿಸಿದರು. ಶಿಲಾಹಾರ ಅರಸರ ‘ತಗರಪುರವರಾಧೀಶ್ವರ’ ಎಂಬ ಬಿರುದಿನಲ್ಲಿ ಈ ಊರ ಹೆಸರು ಉಳಿದಿದೆ.

ಗ್ರಂಥವು ದಿಕ್ಕನ್ನು ಹೇಳೀತು; ಸಾಕ್ಷಿ ನುಡಿಯಬೇಕಾದುದು ಮಣ್ಣು. 1938ರಲ್ಲಿ ಇಟಲಿಯ ಪಾಂಪೆಯಿಯಲ್ಲಿ ಭಾರತೀಯ ದಂತದ ಸ್ತ್ರೀಮೂರ್ತಿಯೊಂದು ದೊರೆಯಿತು. ಆ ನಗರವು ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದುದರಿಂದ ಮೂರ್ತಿಯು ಅದಕ್ಕೂ ಹಿಂದಿನದೆಂಬುದು ಸ್ಪಷ್ಟ. ಅದನ್ನು ಹೋಲುವ ದಂತದ ಮೂರ್ತಿ ತೇರಿನಲ್ಲಿಯೂ ದೊರೆತಿದೆ. ಇದರಿಂದ ಪಾಂಪೆಯಿಯ ಮೂರ್ತಿ ತೇರಿನಲ್ಲಿಯೇ ಆಯಿತೆಂದು ಸಾಧಿಸಲಾಗದು. ಆದರೆ ದಖ್ಖನಿನ ಸರಕು ಕಡಲು ದಾಟಿತ್ತೆಂಬ ಮಾತಿಗೆ ಬಲ ಬರುತ್ತದೆ.

ತೇರಿನ ಇಂಥ ಅನೇಕ ವಸ್ತುಗಳನ್ನು ಕೂಡಿಸಿ ಕಾಪಾಡಿದವರು ಅಲ್ಲಿಯವರೇ ಆದ ರಾಮಲಿಂಗಪ್ಪ ಲಾಮತುರೆಯವರು. ಅಲ್ಲಿಯ ಸರಕಾರಿ ವಸ್ತುಸಂಗ್ರಹಾಲಯವು ಅವರ ಹೆಸರನ್ನೇ ಹೊತ್ತಿದೆ. ಅವರ ಉಪಕಾರ ದೊಡ್ಡದು. ಆದರೂ ದಿಬ್ಬದ ಮೇಲೆ ಆಯ್ದ ವಸ್ತು ಯಾವ ಪದರಿನದೆಂದು ತಿಳಿಯದು. ಪದರು ತಿಳಿಯದೆ ಕಾಲ ನಿಲ್ಲದು. ಕಾಲ ನಿಲ್ಲದೆ ಊರಿಂದೂರಿಗೆ ದಾರಿಯ ಗೆರೆ ಎಳೆಯಲಾಗದು. ಆದುದರಿಂದಲೇ 1958ರಲ್ಲಿ ಬಿ. ಎನ್. ಚಾಪೇಕರರು ನಡೆಸಿದಂಥ ಕ್ರಮಬದ್ಧ ಉತ್ಖನನಗಳಿಗೆ ಬೆಲೆ.

ಗಡಿನಾಡಿನ ಶಿಕ್ಷಕರಾದ ನಮಗೂ ಇಲ್ಲಿ ಒಂದು ಕರ್ತವ್ಯವುಂಟು. ಹೊಲಕ್ಕೆ ಮಣ್ಣು ಹೇರಿ ಹೇರಿ ಹಾಳೂರ ದಿಬ್ಬಗಳು ಕರಗುತ್ತವೆ. ವಿದ್ಯಾರ್ಥಿಯು ಹಳೆಯ ಮಣಿಯನ್ನೋ ನಾಣ್ಯವನ್ನೋ ತಂದು ತೋರಿಸಿದಾಗ, ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಕೇಳಿ ಬರೆದಿಡೋಣ. ಮತ್ತೆ ಅಗೆಯದಂತೆ ತಿಳಿಹೇಳಿ, ವಸ್ತುವನ್ನು ಅಧಿಕಾರಿಗಳಿಗೆ ಒಪ್ಪಿಸೋಣ. ಮುಂದೆ ಬರುವ ಸಂಶೋಧಕನಿಗೆ ಆ ಒಂದು ಸಾಲೇ ದಾರಿ ತೋರೀತು.