‘ಡಿಜಿಟಲ್ ಅರೆಸ್ಟ್’ ಎಂಬ ಶಬ್ದದ ಹುಟ್ಟು

ಶಬ್ದಗಳಿಗೂ ಕುಲಗೋತ್ರಗಳುಂಟು. ಇತ್ತೀಚೆಗೆ ನಮ್ಮ ನಾಡಿನ ಮನೆಗಳನ್ನು ಹೊಕ್ಕು ಜನರನ್ನು ನಡುಗಿಸುತ್ತಿರುವ ‘ಡಿಜಿಟಲ್ ಅರೆಸ್ಟ್’ ಎಂಬ ಇಂಗ್ಲಿಷ್ ಶಬ್ದದ ಗೋತ್ರವನ್ನು ವಿಚಾರಿಸಿದರೆ, ಅದರ ಬಲವೆಷ್ಟೆಂಬುದು ವಾಚಕರಿಗೆ ತಾನಾಗಿಯೇ ತಿಳಿದೀತು.

‘ಡಿಜಿಟಲ್’ ಎಂಬುದು ಬೆರಳೆಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ಬೆರಳೆಣಿಕೆಯಿಂದ ಅಂಕಿಗೂ ಅಂಕಿಯಿಂದ ಗಣಕಯಂತ್ರಕ್ಕೂ ಅದು ಸಾಗಿತು. ‘ಅರೆಸ್ಟ್’ ಹಳೆಯ ಫ್ರೆಂಚಿನ ಮೂಲಕ ಬಂದುದು. ಅದರ ಮೂಲಾರ್ಥವು ನಿಲ್ಲಿಸುವದು. ಎರಡೂ ಮರ್ಯಾದೆಯ ಶಬ್ದಗಳೇ. ಆದರೆ ಇವುಗಳ ಜೋಡಣೆಯನ್ನು ಯಾವ ಶಾಸನವೂ ಮಾಡಿಲ್ಲ. ಪೋಲೀಸರ ಉಡುಪನ್ನು ತೊಟ್ಟು ವೀಡಿಯೋ ಕರೆಯಲ್ಲಿ ಕಾಣಿಸಿಕೊಂಡು, ಇಲ್ಲದ ಅಪರಾಧವನ್ನು ಹೊರಿಸಿ, ಕ್ಯಾಮರಾದ ಮುಂದಿನಿಂದ ಕದಲಗೊಡದೆ ಹಣ ಸುಲಿಯುವ ವಂಚಕರ ಬಾಯಲ್ಲಿ ಅದು ಬೆಳೆಯಿತು.

ಕಾನೂನು ಏನನ್ನುತ್ತದೆ? 1898ರ ದಂಡಪ್ರಕ್ರಿಯಾ ಸಂಹಿತೆಯಲ್ಲಿದ್ದ ನಿಯಮವೇ 1973ರದರಲ್ಲಿಯೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮಿನಲ್ಲಿಯೂ ಮುಂದುವರಿದಿದೆ. ಬಂಧಿಸುವವನು ವ್ಯಕ್ತಿಯ ಮೈಮುಟ್ಟಬೇಕು ಅಥವಾ ಅವನನ್ನು ತಡೆದಿಡಬೇಕು. ಇಲ್ಲವೆ ಆ ವ್ಯಕ್ತಿಯೇ ಮಾತಿನಿಂದಲೋ ನಡತೆಯಿಂದಲೋ ವಶನಾಗಬೇಕು. ದೂರದಲ್ಲಿ ಕುಳಿತ ವಂಚಕನಿಗೆ ಮೈಮುಟ್ಟುವದು ಸಾಧ್ಯವಿಲ್ಲ. ಆದುದರಿಂದ ಅವನು ನಮ್ಮ ಶರಣಾಗತಿಯೊಂದನ್ನೇ ನೆಚ್ಚಿರುವನು. ಬೇಡಿಯನ್ನು ತೊಡಿಸಿಕೊಳ್ಳುವವರು ನಾವೇ! ಖಾಕಿಯನ್ನು ಕಂಡೊಡನೆ ಪ್ರಶ್ನಿಸದೆ ತಲೆಬಾಗುವ ಹಳೆಯ ಅಭ್ಯಾಸವೇ ಅವನ ಬಂಡವಾಳ.

2024ರ ಅಕ್ಟೋಬರ 27ರ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಧಾನಮಂತ್ರಿಗಳು ಇಂಥ ಒಂದು ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿದರು. ವಂಚಕನೊಡನೆ ಮಾತಾಡಿದವರು ನಮ್ಮ ವಿಜಯಪುರದವರೇ. ಅವರು ಹೆದರಿ ಹಣ ತೆರಲಿಲ್ಲ. ಆ ಕರೆಯನ್ನು ಮುದ್ರಿಸಿಕೊಂಡು ಮೋಸವನ್ನು ಬಯಲಿಗೆಳೆದರು. ಕಾನೂನಿನಲ್ಲಿ ಇಂಥ ವ್ಯವಸ್ಥೆಯೇ ಇಲ್ಲವೆಂದು ಸಾರಿದ ಪ್ರಧಾನಿಗಳು, ಮೊದಲು ನಿಲ್ಲಿರಿ, ಬಳಿಕ ಯೋಚಿಸಿರಿ, ಆಮೇಲೆ ಕಾರ್ಯಕ್ಕೆ ತೊಡಗಿರಿ ಎಂದು ಬುದ್ಧಿ ಹೇಳಿದರು. ‘ಅರೆಸ್ಟ್’ ಶಬ್ದದ ಮೂಲಾರ್ಥವೇ ಅದರ ಮದ್ದೂ ಆದದ್ದು ವಿಚಿತ್ರವಲ್ಲವೆ?

ವಿಜಯಪುರದ ಪಟ್ಟಣಿಗನ ಕೈಯಲ್ಲಿರುವ ಯಂತ್ರವೇ ಇಂದು ಮಸೂತಿಯ ಒಕ್ಕಲಿಗನ ಕೈಯಲ್ಲಿಯೂ ಇದೆ. ಅವನ ಧೈರ್ಯವೂ ಹಳ್ಳಿಹಳ್ಳಿಗೆ ಮುಟ್ಟಬೇಕು. ಪೋಲೀಸರು ಬಂಧಿಸಬೇಕಾದರೆ ಬಾಗಿಲಿಗೆ ಬರಲಿ, ಕಾರಣವನ್ನು ತಿಳಿಸಲಿ. ಕರೆ ಬಂದರೆ ಕೂಡಲೇ ಕಡಿದು ಮನೆಯವರಿಗೆ ತಿಳಿಸತಕ್ಕದ್ದು. ಹಣ ಹೋಗಿದ್ದರೆ ನಾಚದೆ, ತಡಮಾಡದೆ 1930ಕ್ಕೆ ದೂರು ಕೊಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು. ಹುಸಿ ಶಬ್ದಕ್ಕೆ ಅಂಜುವದು ಸ್ವತಂತ್ರ ನಾಗರಿಕನಿಗೆ ಸಲ್ಲದು.