ನಾದದ ತೂಬು

ಮೈಸೂರು ಅರಸರ ಕಾಲದಲ್ಲಿ, 19ನೆಯ ಶತಮಾನದ ಕೊನೆಯ ಭಾಗದಲ್ಲಿ, ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಬೋರನಕಣಿವೆಯ ಜಲಾಶಯವನ್ನು ಬಲ್ಲ ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ, ನೀರನ್ನು ತಡೆದು ನಿಲ್ಲಿಸುವುದಕ್ಕಿಂತ ಅದನ್ನು ತೂಬಿನಿಂದ ಹದವರಿತು ಬಿಡುವುದೇ ಕಷ್ಟವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಮನೆಯಲ್ಲಿಯೇ ಸ್ಪೀಕರ್ ಪೆಟ್ಟಿಗೆಯನ್ನು ಕಟ್ಟಿಕೊಳ್ಳಲು ಹೊರಟವನ ಕಷ್ಟವೂ ಇಂಥದೇ. ಮರಗೆಲಸವನ್ನು ಊರಿನ ಬಡಗಿ ಅಚ್ಚುಕಟ್ಟಾಗಿ ಮಾಡಿಕೊಟ್ಟಾನು, ಸ್ಪೀಕರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆತಾವು, ಆದರೆ ಆಂಪ್ಲಿಫೈಯರಿನಿಂದ ಬರುವ ನಾದವನ್ನು ಇಬ್ಭಾಗಿಸಿ, ಮಂದ್ರವನ್ನು ವೂಫರಿಗೂ ತಾರವನ್ನು ಟ್ವೀಟರಿಗೂ ಕಳುಹತಕ್ಕ ಕ್ರಾಸ್‌ಓವರನ್ನು ಮಾತ್ರ ಕಟ್ಟುವವನು ತಾನೇ ಆಲೋಚಿಸಿ ನಿಶ್ಚಯಿಸಬೇಕು.

ಮೊದಲನೆಯದಾಗಿ, ಗೆರೆಯನ್ನು ಎಲ್ಲಿ ಎಳೆಯುವುದು? ಆರೂವರೆ ಅಂಗುಲದ ವೂಫರಿನ ಕಾಗದದ ಶಂಕುವು ಸುಮಾರು 13 ಸೆಂಟಿಮೀಟರು ಅಗಲವಿರುತ್ತದೆ. 2500 ಹರ್ಟ್ಸ್ ಶಬ್ದದ ಅಲೆಯ ಉದ್ದವೂ ಹೆಚ್ಚುಕಡಮೆ ಅಷ್ಟೇ. ಅಲ್ಲಿಂದ ಮೇಲಕ್ಕೆ ಹೋದಂತೆಲ್ಲ ಶಬ್ದವು ಸುತ್ತಲೂ ಹರಡದೆ ನೇರವಾಗಿ ಮುಂದಕ್ಕೆ ಧಾವಿಸುವುದರಿಂದ, ಪೆಟ್ಟಿಗೆಯ ಎದುರಿಗೆ ಕುಳಿತವನಿಗೆ ಸ್ಪಷ್ಟವಾಗಿ ಕೇಳುವ ಗಮಕಿಯ ಕಂಠವು ಪಕ್ಕದಲ್ಲಿ ಕಂಬಕ್ಕೆ ಒರಗಿದವನಿಗೆ ಮಂಕಾಗುತ್ತದೆ. ಇದಕ್ಕೆ ಅಂಜಿ ಗೆರೆಯನ್ನು 1500ಕ್ಕೆ ಇಳಿಸಿದರೆ, ಪುಟ್ಟ ಟ್ವೀಟರು ತನ್ನ ಅಳವಿಗೆ ಮೀರಿದ ಭಾರವನ್ನು ಹೊತ್ತು ಕರ್ಕಶವಾಗುತ್ತದೆ, ಜೋರಾಗಿ ಹಾಕಿದ ದಿನ ಸುಟ್ಟೂ ಹೋದೀತು. ಇದರ ಮೇಲೆ, ಮನುಷ್ಯನ ಕಿವಿಯು ಅತ್ಯಂತ ಸೂಕ್ಷ್ಮವಾಗಿರುವ 2000ದಿಂದ 5000 ಹರ್ಟ್ಸ್‌ವರೆಗಿನ ಎಡೆಯಲ್ಲಿಯೇ ಸಾಮಾನ್ಯವಾಗಿ ಎರಡು ಸ್ಪೀಕರುಗಳ ಬೆಸುಗೆಯೂ ಬೀಳುವುದರಿಂದ, ಅದರ ಚಿಕ್ಕ ದೋಷವೂ ಅಡಗಿರಲಾರದು.

ಟ್ವೀಟರಿನ ದಾರಿಯಲ್ಲಿ ಒಂದೇ ಒಂದು ಕೆಪಾಸಿಟರನ್ನಿಟ್ಟು ಕೆಲಸ ಮುಗಿಸುವ ರೂಢಿಯುಂಟು. 8 ಓಮಿನ ಟ್ವೀಟರಿಗೆ 8 ಮೈಕ್ರೊಫ್ಯಾರಡಿನದನ್ನು ಇಟ್ಟರೆ ಗೆರೆಯು 2500ಕ್ಕೆ ಬೀಳುತ್ತದೆ, ಖರ್ಚು ಅಲ್ಪ. ಆದರೆ ಒಂದು ಸ್ಥಾಯಿ ಕೆಳಗಿಳಿದು 1250ಕ್ಕೆ ಬಂದಾಗಲೂ ಶಕ್ತಿಯ ಐದರಲ್ಲೊಂದು ಪಾಲು ಟ್ವೀಟರಿಗೆ ನುಗ್ಗುತ್ತಿರುತ್ತದೆ. ಹೀಗೆ ಕಟ್ಟಿದ ಪೆಟ್ಟಿಗೆಯಲ್ಲಿ ಹರಿಕಥೆಯನ್ನು ಕೇಳುವಾಗ ಒಂದೊಂದು ಸಕಾರವೂ ಕಿವಿಗೆ ಚುಚ್ಚಿದುದು ನನಗೆ ಇನ್ನೂ ನೆನಪಿದೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ, ಸಹೋದ್ಯೋಗಿ ರಸ್ ರೈಲಿಯ ಹೆಸರೂ ಸೇರಿ ಪ್ರಸಿದ್ಧವಾದ ಕ್ರಮದ ಸರಳ ರೂಪವನ್ನು ಹಿಡಿದು, ಒಂದೊಂದು ಸ್ಪೀಕರಿಗೂ 4 ಮೈಕ್ರೊಫ್ಯಾರಡಿನ ಕೆಪಾಸಿಟರನ್ನೂ 1 ಮಿಲಿಹೆನ್ರಿಯ ಕಾಯಿಲನ್ನೂ ಜೋಡಿಸಿದರೆ, ಆ ಸೋರಿಕೆಯು ಇಪ್ಪತ್ತೈದರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೆ ಸುತ್ತಬೇಕಾದ ತಾಮ್ರದ ತಂತಿಗೆ ಹಣ ಬೇಕು. ತಂತಿಯನ್ನು ತೆಳುವಾಗಿಸಿದರೆ ಅದೇ ಶಕ್ತಿಯನ್ನು ನುಂಗುತ್ತದೆ. ತಾಮ್ರವನ್ನು ಉಳಿಸಲು ಕಬ್ಬಿಣದ ತಿರುಳನ್ನು ತೂರಿಸಿದರೆ ದೊಡ್ಡ ದನಿಯಲ್ಲಿ ನಾದವು ಕೆಡುತ್ತದೆ. ಪುಸ್ತಕದ ಲೆಕ್ಕವೂ ಪೂರ್ತಿ ನಂಬತಕ್ಕುದಲ್ಲ, ಏಕೆಂದರೆ 8 ಓಮ್ ಎಂದು ಬರೆದ ವೂಫರಿನ ತಡೆಯು ಶ್ರುತಿ ಏರಿದಂತೆ ತಾನೂ ಏರುತ್ತದೆ. ಅದನ್ನು ಸಮಗೊಳಿಸಲು ಇನ್ನೊಂದು ರೆಸಿಸ್ಟರು, ಇನ್ನೊಂದು ಕೆಪಾಸಿಟರು ಬೇಕಾಗುತ್ತವೆ.

ಆದರೂ, ಒಬ್ಬನೇ ಒಂದು ಕುರ್ಚಿಯಲ್ಲಿ ಕುಳಿತು ಕೇಳುವ ಪದ್ಧತಿಯಿಲ್ಲದ, ನಡುಮನೆಯಿಂದ ಜಗಲಿಯವರೆಗೆ ಜನರು ಹರಡಿ ಕುಳಿತಿರುವ ನಮ್ಮ ತೆಂಗಿನ ನಾಡಿನ ಮನೆಗಳಿಗೆ, ತಾಮ್ರಕ್ಕೆ ಹಣ ಹೋದರೂ ಈ ಎರಡನೆಯ ಕ್ರಮವೇ ತಕ್ಕುದೆಂದು ನನ್ನ ದೃಢವಾದ ಅಭಿಪ್ರಾಯ. ಇದರಲ್ಲಿ ಬೆಸುಗೆಯ ಸ್ಥಳದಲ್ಲಿ ಎರಡು ಸ್ಪೀಕರುಗಳೂ ಒಂದಕ್ಕೊಂದು ವಿರುದ್ಧವಾಗಿ ಮಿಡಿಯುವುದರಿಂದ ಟ್ವೀಟರಿನ ತಂತಿಗಳನ್ನು ತಿರುವಿ ಜೋಡಿಸಬೇಕು. ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಒಮ್ಮೆ ತಿರುವದೆಯೇ ಹಚ್ಚಿ, ಪರಿಚಿತವಾದ ಕಂಠವೊಂದನ್ನು ಕೇಳಿರಿ. ಗೆರೆಯ ಬಳಿ ದನಿಯು ಟೊಳ್ಳಾಗಿ ಕುಸಿದರೆ ನಿಮ್ಮ ಲೆಕ್ಕ ಸರಿಯಿದೆ, ಆಮೇಲೆ ತಂತಿಗಳನ್ನು ತಿರುವಿ ಬೆಸೆಯಬಹುದು.