ಶರತ್ಕಾಲದ ಅಡಿಗೆಮನೆ

ಶ್ರಾವಣ ಭಾದ್ರಪದಗಳ ಮಳೆಯು ಹಿಂದೆಗೆದು, ಆಕಾಶವು ತಿಳಿಯಾಗಿ, ಆಶ್ವಯುಜ ಮಾಸವು ಪ್ರಾಪ್ತವಾಗುತ್ತಲೇ ನಮ್ಮ ಗೃಹಗಳಲ್ಲಿ ಹಬ್ಬಗಳ ಸಿದ್ಧತೆಯು ಆರಂಭವಾಗುವುದು. ನಡುಮನೆಗೆ ಬೊಂಬೆಗಳು, ತಲೆಬಾಗಿಲಿಗೆ ತೋರಣ, ಅಂಗಳಕ್ಕೆ ರಂಗವಲ್ಲಿ. ಹಬ್ಬದ ಭಕ್ಷ್ಯಭೋಜ್ಯಗಳೆಲ್ಲವೂ ಹುಟ್ಟುವ ಅಡಿಗೆಮನೆಯನ್ನು ಮಾತ್ರ ನೆನೆಯುವವರು ವಿರಳ. ಮಳೆಗಾಲದ ತೇವವು ಮೊದಲು ಸೇರಿಕೊಳ್ಳುವುದೂ ಅಲ್ಲಿಯೇ. ಅಲ್ಪವ್ಯಯದಲ್ಲಿ ಅದನ್ನು ಅಲಂಕರಿಸುವ ಬಗೆಯನ್ನು ವಾಚಕರೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

‘ಅಲಂಕಾರ’ವೆಂಬ ಶಬ್ದದಲ್ಲಿಯೇ ಮಿತವ್ಯಯದ ಉಪದೇಶವಿದೆ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು, ಪರ್ಯಾಪ್ತ ಎಂದರ್ಥ. ಆದುದರಿಂದ ಸಾಕೆನಿಸುವಂತೆ ಮಾಡುವುದೇ ಅಲಂಕಾರ. ಈ ಅರ್ಥವನ್ನು ನಾವು ಶಾಲೆಯಲ್ಲಿ ಅನೇಕ ವರ್ಷ ಹೇಳಿಕೊಟ್ಟೆವು. ಮನೆಯಲ್ಲಿ ಕಲಿತದ್ದು ಇತ್ತೀಚೆಗೆ.

ಹೊಗೆಯಿಂದ ಬೆಂಕಿಯನ್ನು ಊಹಿಸುವುದಕ್ಕೆ ತರ್ಕಶಾಸ್ತ್ರದಲ್ಲಿ ಅಡಿಗೆಮನೆಯೇ ಪ್ರಸಿದ್ಧ ದೃಷ್ಟಾಂತ. ಅದನ್ನು ಎಷ್ಟೋ ಬಾಲಕರಿಗೆ ವಿವರಿಸಿದ ನಾವು, ನಮ್ಮ ಮನೆಯ ಹೊಗೆಯಲ್ಲಿ ನಿಂತವರ ಕಣ್ಣುಗಳನ್ನು ಒಂದು ದಿನವಾದರೂ ನೋಡಲಿಲ್ಲ. ಗ್ಯಾಸಿನ ಒಲೆ ಬಂದು ವರ್ಷಗಳಾದರೂ ಗೋಡೆಯ ಮಸಿಯು ಹಾಗೆಯೇ ಇದ್ದಿತು. ಕಳೆದ ನವರಾತ್ರಿಗೆ ಮುಂಚೆ ವಿಶ್ರಾಂತಿವೇತನದಿಂದ 500 ರೂಪಾಯಿಗಳನ್ನು ತೆಗೆದಿರಿಸಿ, ಬಣ್ಣದ ಕಾಗದವನ್ನೂ ಕೃತಕ ಪುಷ್ಪಮಾಲೆಗಳನ್ನೂ ತರಲು ಹೊರಟೆವು. ನಮ್ಮ ಗೃಹಿಣಿಯು, “ಮಾಲೆ ಆಮೇಲೆ ತಂದೀರಂತೆ; ಮೊದಲು ಆ ಕಿಟಕಿ ಬಿಡಿಸಿಕೊಡಿ” ಎಂದಳು. ಹಳೆಯ ಡಬ್ಬಗಳ ರಾಶಿಯೊಂದು ಆ ಕಿಟಕಿಯನ್ನು ಮುಚ್ಚಿದ್ದಿತು. ಅದನ್ನು ಅಲ್ಲಿ ಒಟ್ಟಿದವರೂ ನಾವೇ. ತೆಗೆಯಲು ಕಾಸೂ ಖರ್ಚಾಗಲಿಲ್ಲ. ಬೆಳಗಿನ ಬಿಸಿಲು ಒಲೆಯವರೆಗೂ ಬಂದಿತು.

ಬೆಳಕಿನ ತರುವಾಯ ಸುಣ್ಣ. ಮಸಿಯನ್ನು ಕೆರೆದು ತೊಳೆದ ಬಳಿಕ, ಚೆನ್ನಾಗಿ ಅರಳಿದ ಸುಣ್ಣವನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿಯನ್ನು ಬೆರಸಿ, ತೆಳುವಾಗಿ ಎರಡು ಸಲ ಬಳಿಯಬೇಕು. ಸುಣ್ಣದ ಕ್ಷಾರಗುಣವು ಬೂಷ್ಟನ್ನು ತಡೆಯುವುದು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಅದು ಗೋಡೆಯ ಮೇಲೆ ಗಟ್ಟಿಯಾಗುವುದು. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ; ಮಕ್ಕಳು ದೂರವಿರಲಿ. ಎಣ್ಣೆಬಣ್ಣದ ಗೋಡೆಗೆ ಸುಣ್ಣವು ಹಿಡಿಯದು. ಅದನ್ನು ಸಾಬೂನಿನ ನೀರಿನಿಂದ ತೊಳೆದರೆ ಸಾಕು.

ಗೋಡೆಯ ಬುಡದಲ್ಲಿ ಗೇಣಗಲದ ಕೆಮ್ಮಣ್ಣಿನ ಪಟ್ಟಿಯನ್ನೆಳೆದು, ಅದರ ಮೇಲೆ ಅರೆದ ಅಕ್ಕಿಯಿಂದ ಬಿಳಿಯ ಎಳೆಗಳನ್ನು ಬರೆಯಬಹುದು. ಶಿವಮೊಗ್ಗ ಜಿಲ್ಲೆಯ ದೀವರ ಸ್ತ್ರೀಯರು ಇವೇ ದ್ರವ್ಯಗಳಿಂದ ಹಸೆಚಿತ್ತಾರವನ್ನು ಬರೆಯುವರು. ಪುಂಡಿಯ ನಾರೇ ಅವರ ಕುಂಚ, ಕರಿಕಾಗುವಂತೆ ಹುರಿದ ಅಕ್ಕಿಯೇ ಅವರ ಕಪ್ಪು ಬಣ್ಣ. ಆಶ್ವಯುಜದ ಭೂಮಿಹುಣ್ಣಿಮೆಯಂದು ಹೊಲಕ್ಕೆ ನೈವೇದ್ಯವನ್ನು ಒಯ್ಯುವ ಬುಟ್ಟಿಗೂ ಇದೇ ಶೃಂಗಾರ. ನಮ್ಮ ಮನೆಗಳ ಹಳೆಯ ಮೊರ ಬುಟ್ಟಿಗಳೂ ಹೀಗೆಯೇ ಹೊಸತಾಗಬಲ್ಲವು. ಕರಾವಳಿಯವರು ಹೊಸ ಭತ್ತದ ಕದಿರನ್ನು ಮನೆತುಂಬಿಸಿಕೊಂಡು ಬಾಗಿಲಿಗೂ ಪಾತ್ರೆಗಳಿಗೂ ಕಟ್ಟುವರು. ಅದಕ್ಕಿಂತ ಅಡಿಗೆಮನೆಗೆ ಒಪ್ಪುವ ಮಾಲೆ ಯಾವುದು?

ಇನ್ನು ಹಿತ್ತಾಳೆ ತಾಮ್ರದ ಪಾತ್ರೆಗಳು. ಹುಣಿಸೆಹಣ್ಣಿನ ಹುಳಿಯು ಕಿಲುಬನ್ನು ಕರಗಿಸುವುದು. ಉಜ್ಜಿ, ತೊಳೆದು, ಒರಸಿ, ಕಿಟಕಿಯ ಬೆಳಕು ಬೀಳುವೆಡೆ ಸಾಲಾಗಿರಿಸಿದರೆ ಬೇರೆ ಆಭರಣವೇ ಬೇಡ. ಆದರೆ ಉಜ್ಜುವ ಕೆಲಸವನ್ನು ಗಂಡಸರೂ ಹಂಚಿಕೊಳ್ಳತಕ್ಕದ್ದು. ಅಲಂಕಾರವು ಗೃಹಿಣಿಗೆ ಇನ್ನೊಂದು ಚಾಕರಿಯಾಗಬಾರದು. ಆರು ಪಾತ್ರೆಗಳನ್ನು ಉಜ್ಜುವಷ್ಟರಲ್ಲಿ ನಮ್ಮ ತೋಳುಗಳು ನಮಗೆ ಎಷ್ಟೋ ವಿಷಯಗಳನ್ನು ಬೋಧಿಸಿದವು.

ಹೂವಿನ ಬೆಲೆಯು ಆಯುಧಪೂಜೆಯ ಮುನ್ನಾದಿನ ಏರುವುದರಿಂದ, ಚೆಂಡುಹೂವನ್ನು ಎರಡು ದಿನ ಮೊದಲೇ ಕೊಳ್ಳುವುದು ಲೇಸು. ಅದನ್ನು ಮಾವಿನೆಲೆಯೊಡನೆ ಕಿಟಕಿಗೆ ಕಟ್ಟಬಹುದು. ಒಲೆಯ ಮೇಲ್ಗಡೆ ಮಾತ್ರ ಯಾವ ಮಾಲೆಯೂ ಬೇಡ, ಬೆಂಕಿಯ ಭಯವುಂಟು.

ನಮ್ಮ ಲೆಕ್ಕವು ಹೀಗಿದ್ದಿತು: ಸುಣ್ಣಕ್ಕೂ ಕುಂಚಕ್ಕೂ 280 ರೂಪಾಯಿ, ಕೆಮ್ಮಣ್ಣಿಗೆ 40, ಹೂವಿಗೆ 60. ಉಳಿದ 120 ರೂಪಾಯಿಗಳಿಗೆ ಇನ್ನೇನು ತರೋಣವೆಂದು ಗೃಹಿಣಿಯನ್ನು ಕೇಳಿದೆವು. ಅವಳು ಕಿಟಕಿಯ ಬೆಳಕಿನಲ್ಲಿ ಕುಳಿತು ಅವರೆಕಾಯಿಯನ್ನು ಬಿಡಿಸುತ್ತಿದ್ದಳು. ತಲೆಯೆತ್ತಿ ನಾಲ್ಕು ಗೋಡೆಗಳನ್ನೂ ಒಮ್ಮೆ ನೋಡಿ, “ಸಾಕು” ಎಂದಳು.

‘ಅಲಂ’ ಶಬ್ದಕ್ಕೆ ಇಷ್ಟು ಸ್ಪಷ್ಟವಾದ ವ್ಯಾಖ್ಯಾನವನ್ನು ನಾವು ಯಾವ ಗುರುಗಳಿಂದಲೂ ಕೇಳಿರಲಿಲ್ಲ.